ರಿಯಲ್‌ಟೆಕ್ ಕಾರ್ಡಿನ ಲಿನಕ್ಸ್ ಡ್ರೈವರ್ ತಿದ್ದಿ ಸ್ಪೀಡ್ ಹೆಚ್ಚಿಸಬಹುದಾ?

ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡನ್ನು ಲಿನಕ್ಸ್‌ನಲ್ಲಿ ನಡೆಸುವ ಆರ್‌8169 ಡ್ರೈವರಿನ ಕೋಡಿನಲ್ಲಿ ‘ಬೇಡದ’ ಸಾಲು ತೆಗೆದರೆ ಸ್ಪೀಡ್ ಜಾಸ್ತಿ ಆಗುತ್ತದಾ ಅಂತ ಕೇಳಿದ್ದೀರಿ. ಹಾಗೆ ತೆಗೆದವನು ನಾನೇ!

ಆಗ ತುಮಕೂರಿನ ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಪ್ಯಾಕೆಟ್ ಕಳಿಸುವ ಫಂಕ್ಷನ್ನಿನಲ್ಲಿ ‘ಡಿಎಂಎ_ಡಬ್ಲ್ಯೂಎಂಬಿ’ ಎಂಬ ಸಾಲು ಕಣ್ಣಿಗೆ ಬಿತ್ತು. ಬ್ರಾಕೆಟ್ ಖಾಲಿ, ವಾಪಸ್ ಕೊಡುವುದೂ ಏನಿಲ್ಲ. ಸುಮ್ನೆ ಕೂತಿದೆ ಅಂತ ಕಿತ್ತೆ. ಅಂಗಡಿಯ ಇಂಟೆಲ್ ಪೀಸಿಯಲ್ಲಿ ಚೆನ್ನಾಗಿಯೇ ಓಡಿತು. ಅದೇ ಧೈರ್ಯದಲ್ಲಿ ಅಡಿಕೆ ಮಂಡಿಯವರೊಬ್ಬರ ಬ್ಯಾಕಪ್ಪಿಗೆ ಇಟ್ಟಿದ್ದ ಆರ್ಮ್ ಪ್ರೊಸೆಸರಿನ ಬೋರ್ಡಿಗೂ ಹಾಕಿದೆ. ಅಲ್ಲಿ ಬ್ಯಾಕಪ್ ನಡುನಡುವೆ ನಿಲ್ಲತೊಡಗಿತು. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ. ನೆಟ್‌ವರ್ಕ್ ಸ್ಪೀಡ್ ಅಳೆಯುವ ಐಪರ್ಫ್3 ಓಡಿಸಿದರೆ ರೀಟ್ರಾನ್ಸ್‌ಮಿಟ್ (ಮತ್ತೆ ಕಳಿಸಿದ್ದು) ಕಾಲಂನಲ್ಲಿ ಅಂಕಿ ಏರುತ್ತಲೇ ಇತ್ತು.

ಆಗಿದ್ದಿಷ್ಟು. ಕಳಿಸಬೇಕಾದ ಡೇಟಾ ಮೆಮೊರಿಯಲ್ಲಿ ಎಲ್ಲಿದೆ, ಎಷ್ಟಿದೆ ಅಂತ ಡ್ರೈವರ್ ‘ಡಿಸ್ಕ್ರಿಪ್ಟರ್’ ಎಂಬ ಚೀಟಿಯಲ್ಲಿ ಬರೆಯುತ್ತದೆ. ಕೊನೆಗೆ ‘ಇನ್ನು ಇದು ನಿನ್ನದು’ ಅನ್ನುವ ಗುರುತು, ಅಂದರೆ ಓನ್ ಬಿಟ್, ಹಾಕಿ ಅದನ್ನು ಕಾರ್ಡಿಗೆ ಒಪ್ಪಿಸುತ್ತದೆ. ಇಂಟೆಲ್‌ನಲ್ಲಿ ಬರೆದ ಕ್ರಮದಲ್ಲೇ ಎಲ್ಲ ಕಾರ್ಡಿಗೆ ಕಾಣುತ್ತದೆ. ಆರ್ಮ್‌ನಲ್ಲಿ ಆ ಖಾತ್ರಿ ಇಲ್ಲ. ಓನ್ ಬಿಟ್ ಮೊದಲು, ವಿಳಾಸ ಆಮೇಲೆ ಕಾಣಬಹುದು. ಮೂಟೆ ಹೇರುವ ಮುಂಚೆಯೇ ಲಾರಿಗೆ ರೈಟ್ ರೈಟ್ ಅಂದ ಹಾಗೆ. ಕಾರ್ಡು ಹಳೇ ವಿಳಾಸದಲ್ಲಿದ್ದದ್ದನ್ನೇ ಕಳಿಸುತ್ತದೆ, ಹೊಸ ಪ್ಯಾಕೆಟ್ ಹೋಗುವುದೇ ಇಲ್ಲ. ನಾನು ಕಿತ್ತ ಸಾಲು ಇದ್ದದ್ದೇ ಇದನ್ನು ತಡೆಯಲು. ಡಿಸ್ಕ್ರಿಪ್ಟರ್ ಬಿಟ್ಟುಕೊಡುವ ಮೊದಲು ಬರೆಯುವುದು ಮುಗಿಯಲಿ ಅಂತ ಸಾಲಿನ ಮೇಲೇ ಕಾಮೆಂಟ್ ಇತ್ತು. ಯಾರು ಓದುತ್ತಾರೆ, ಅಲ್ವಾ? ಇಂಟೆಲ್‌ನಲ್ಲಿ ಆ ಸಾಲು ಕಂಪೈಲರ್ ಕ್ರಮ ತಪ್ಪಿಸದಂತೆ ತಡೆಯುತ್ತದೆ ಅಷ್ಟೇ, ಪ್ರೊಸೆಸರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಹಾಗಾಗಿ ಕಿತ್ತಿದ್ದರಿಂದ ಸಿಕ್ಕ ಸ್ಪೀಡ್ ಸೊನ್ನೆ. ಮಂಡಿಯವರು ಬೇರೆ ಅಂಗಡಿ ಹಿಡಿದರು.

ಅಷ್ಟಕ್ಕೂ ನಿಮಗೆ ಸ್ಪೀಡ್ ಯಾಕೆ? ಗಿಗಾಬಿಟ್ ಕಾರ್ಡಿನಲ್ಲಿ ಟಿಸಿಪಿ 940 ಎಂಬಿಪಿಎಸ್ ಆಸುಪಾಸು ಬಂದರೆ ತಂತಿಯೇ ತುಂಬಿದೆ, ಡ್ರೈವರಿನಲ್ಲಿ ಹಿಂಡಲು ಏನೂ ಉಳಿದಿಲ್ಲ. ಬರುತ್ತಿಲ್ಲವಾದರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆಯಾ ಅಂತ ಈಥ್‌ಟೂಲ್ ಕಮಾಂಡಿನಲ್ಲಿ ನೋಡಿ. ಅಂಗಡಿಗೆ ಬರುತ್ತಿದ್ದ ಇಂಥ ದೂರುಗಳಲ್ಲಿ ಕ್ರಿಂಪ್ (ತುದಿಯ ಕನೆಕ್ಟರ್ ಒತ್ತಿ ಕೂರಿಸಿದ್ದು) ಸರಿಯಿಲ್ಲದ ಕೇಬಲ್ಲೇ ಜಾಸ್ತಿ.

ಕೋಡ್ ಮುಟ್ಟಲೇಬೇಕು ಅಂದರೆ, ಸಸ್ಪೆಂಡ್ ಆಗಿ ಎದ್ದ ಮೇಲೆ ಲಿಂಕ್ ಬಾರದಿರುವುದು, ಕರೆಂಟ್ ಉಳಿಸುವ ಎಎಸ್‌ಪಿಎಂ ಆನ್ ಇದ್ದಾಗ ತಡವರಿಸುವುದು, ಇಂಥವನ್ನು ಹಿಡಿಯಿರಿ. ಎರಡು ಥರದ ಪ್ರೊಸೆಸರಿನಲ್ಲಿ ಓಡಿಸಿ. ಒಂದು ತಿದ್ದುಪಡಿಗೆ ಒಂದೇ ಪ್ಯಾಚ್. ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಕೋಡಿಗೆ ಎರಡು ಟ್ರೀಗಳಿವೆ: ಬಗ್ ಆದರೆ ‘ನೆಟ್‌’ಗೆ, ಹೊಸದೇನಾದರೂ ಆದರೆ ‘ನೆಟ್-ನೆಕ್ಸ್ಟ್‌’ಗೆ ಕಳಿಸಿ. ಮುಂದಿನ ಕರ್ನಲ್‌ಗೆ ಬದಲಾವಣೆ ಸೇರಿಸಿಕೊಳ್ಳುವ ಮರ್ಜ್ ವಿಂಡೋದ ಎರಡು ವಾರ ನೆಟ್-ನೆಕ್ಸ್ಟ್ ಮುಚ್ಚಿರುತ್ತದೆ, ಆಗ ಕಳಿಸಬೇಡಿ.