ಕಳಚಿ ಬಿದ್ದ ಒತ್ತಕ್ಷರ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಅವರಿಗೆ ನಲವತ್ತಾರು ವರ್ಷ. ಗದಗ-ಬೆಟಗೇರಿಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಬಿಲ್ ಬುಕ್ ಇವೇ ಕೆಲಸ. ಮುದ್ರಣ ಕಾಶಿ ಅಂತ ಹೆಸರಾದ ಊರು ಅದು. ಅವರ ತಂದೆಯೂ ಅಲ್ಲೇ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನಾನು ಹುಬ್ಬಳ್ಳಿಯಲ್ಲಿ ಆಪ್ತಸಲಹೆಗಾರ್ತಿ. ನನ್ನ ಕೋಣೆಗೆ ಇವರನ್ನು ಕರೆದುಕೊಂಡು ಬಂದವರು ಹೆಂಡತಿ.

“ರಾತ್ರಿ ಎರಡಕ್ಕ ಎದ್ದು ಕಂಪ್ಯೂಟರ್ ಹಚ್ಚತಾರ್ರೀ. ಯಾರಿಗೋ ಇಂಗ್ಲಿಷಿನ್ಯಾಗ ಬೈದು ಬರಿತಾರ. ಮುಂಜಾನೆ ಮಗನ ಮ್ಯಾಲೆ ಹರಿಹಾಯ್ತಾರ. ಏನಾಗೇತಿ ಅಂತ ತಿಳಿಯವಲ್ದು.”

ಅವರು ಮಾತಾಡಲಿಲ್ಲ. ತೊಡೆಯ ಮೇಲಿದ್ದ ಕೈಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ಮೂಲೆಗೆ ಅರಿಸಿನ ಹಚ್ಚಿರಲಿಲ್ಲ, ಅಂದರೆ ಯಾರಿಗೂ ಕೊಟ್ಟದ್ದಲ್ಲ. ವಧುವಿನ ಹೆಸರಿನ ಜಾಗದಲ್ಲಿ ‘ಲಕ್ಷ್ಮೀ’ ಅಂತ ಇರಬೇಕಿತ್ತು. ‘ಲಕ್‌ಷ್‌ಮೀ’ ಅಂತ ಅಚ್ಚಾಗಿತ್ತು. ಐನೂರು ಪ್ರತಿ.

“ಹುಡುಗಿಯ ಅಜ್ಜಿ ಬಂದು, ಲಕ್ಷ್ಮೀನ್ನ ಒಡದ್ಯಲ್ಲೋ ತಮ್ಮಾ, ಅಂದ್ರು ಮೇಡಂ,” ಅಂದರು. ಆಮೇಲೆ ಕರ್ಚೀಫು ತೆಗೆದರು.

ನಾಲ್ಕು ವರ್ಷದ ಹಿಂದೆ ಅವರು ಕ್ರ್ಯಾಕ್ ಮಾಡಿದ ತಂತ್ರಾಂಶ ಬಿಟ್ಟು, ಸ್ವಯಂಸೇವಕರು ಕಟ್ಟಿದ ಒಂದು ಮುಕ್ತ ತಂತ್ರಾಂಶಕ್ಕೆ ಬಂದಿದ್ದರು. ಅದರ ಹೆಸರು ಇಲ್ಲಿ ಬೇಡ. “ಕದ್ದ ಮಾಲಿನ್ಯಾಗ ದುಡದ ರೊಕ್ಕ ಬ್ಯಾಡ” ಅನ್ನುವುದು ಅವರ ಮಾತು. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿ ಪಿಡಿಎಫ್ ಮಾಡಿದರೆ ಅದರಲ್ಲಿ ಒತ್ತಕ್ಷರ ಕಳಚಿ ಬೀಳುತ್ತಿತ್ತು. ತೆರೆಯ ಮೇಲೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆ ಬಗ್, ಅಂದರೆ ದೋಷದ ಬಗ್ಗೆ, ತಂತ್ರಾಂಶದ ಜಾಲತಾಣದ ಒಂದು ಪುಟದಲ್ಲಿ ಯಾರೋ ಆರು ವರ್ಷದ ಹಿಂದೆಯೇ ತಿಳಿಸಿದ್ದರು. ಇವರೂ ಅಲ್ಲೇ ಹದಿನಾಲ್ಕು ಸಲ ಬರೆದಿದ್ದರು.

ಹೀಗೇಕೆ ಆಗುತ್ತದೆ ಅಂತ ಅವರೇ ನನಗೆ ಬಿಡಿಸಿ ಹೇಳಿದರು. ಆ ಹತ್ತು ನಿಮಿಷ ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ತಂದೆಯ ಕಾಲದಲ್ಲಿ ಒತ್ತಿಗೇ ಬೇರೆ ಮೊಳೆ ಇತ್ತು, ಕೈಯಿಂದ ಕೂಡಿಸುತ್ತಿದ್ದರು. ಆಮೇಲೆ ಬಂದ ಹಳೆಯ ಫಾಂಟುಗಳಲ್ಲೂ ಒತ್ತು ಒಂದು ಬೇರೆ ತುಂಡೇ. ಈಗಿನ ಯುನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಷ ಅಂತ ಸಾಲಾಗಿ ಬರೆದಿಟ್ಟದ್ದನ್ನು ಕಂಪ್ಯೂಟರೇ ಓದಿ ‘ಕ್ಷ’ ಮಾಡಬೇಕು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಅನ್ನುವ, ಅದೂ ಮುಕ್ತವಾದ, ಒಂದು ತಂತ್ರಾಂಶ. ಹಾಗೆ ಕೂಡಿಸಿದ ಗುಂಪಿನ ನಡುವೆಯೇ ಪುಟ ಕಟ್ಟುವ ತಂತ್ರಾಂಶ ಜಾಗ ಬಿಟ್ಟರೆ ಅಕ್ಷರ ಒಡೆಯುತ್ತದೆ.

ಎರಡು ತಿಂಗಳಿಂದ ರಾತ್ರಿಗೆ ಮೂರು ತಾಸು ನಿದ್ದೆ. ಜೀವದ ಮೇಲೆ ಬೇಸರ ಬಂದಿದೆಯಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದರು. ಬಿಪಿ ಮತ್ತು ನಿದ್ದೆಗಾಗಿ ಡಾಕ್ಟರ ಹತ್ತಿರ ಕಳಿಸಿದೆ.

ಗೆಳೆಯರು ಅವರಿಗೆ ಒಂದೇ ಮಾತು ಹೇಳಿದ್ದರಂತೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬೇಡ. ನಾನು ಆ ಮಾತು ಹೇಳಲಿಲ್ಲ. ಕಾಸು ಕೊಡದೆ ಪಡೆದದ್ದು ಹೌದು. ಆದರೆ ಹಾಳಾದ ಕಾಗದ ಇವರದು, ಹೋದ ಮಾನ ಇವರದು. ಪ್ರಾಮಾಣಿಕವಾಗಿ ಇರೋಣ ಅಂತ ಹೋಗಿ ಪೆಟ್ಟು ತಿಂದವರಿಗೆ ನೋವು ಜಾಸ್ತಿ. ಆರು ವರ್ಷ ಯಾರೂ ತುಟಿ ಬಿಚ್ಚಲಿಲ್ಲ ಅನ್ನುವುದು ಇನ್ನೂ ದೊಡ್ಡ ನೋವು. ‘ಸದ್ಯಕ್ಕೆ ನಮ್ಮಿಂದ ಆಗಲ್ಲ’ ಅಂತ ಒಂದು ಸಾಲು ಬರೆದಿದ್ದರೂ ಅವರು ಮಲಗುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಎರಡನೇ ಸಲ ಬಂದಾಗ, ಆ ಬಗ್ಗಿನ ಪುಟವನ್ನು ಮೊದಲಿನಿಂದ ಜೋರಾಗಿ ಓದಿ ಅಂದೆ. ಮಗನೂ ಬಂದಿದ್ದ, ಅರ್ಥ ಹೇಳುತ್ತಾ ಹೋದ. ಅವರದೇ ಮಾತುಗಳು ಬಂದಾಗ ದನಿ ಇಳಿಯಿತು. “ನಿಮಗೆ ನಾಚಿಕೆ ಇಲ್ಲವೇ” ಅಂತ ಒಂದು ಕಡೆ ಬರೆದಿದ್ದರು. ಅದಕ್ಕೂ ಮೇಲೆ, ಮೂರು ವರ್ಷ ಹಳೆಯದಾದ ಎರಡು ಸಾಲು ಸಿಕ್ಕಿತು. ತಂತ್ರಾಂಶ ಕಟ್ಟುವವರಲ್ಲಿ ಒಬ್ಬರು ಕೇಳಿದ್ದರು: ನನಗೆ ಕನ್ನಡ ಓದಲು ಬರುವುದಿಲ್ಲ, ಈ ಎರಡರಲ್ಲಿ ಸರಿಯಾದ ರೂಪ ಯಾವುದು? ಚಿಕ್ಕದೊಂದು ಫೈಲ್ ಕಳಿಸುತ್ತೀರಾ?

ಯಾರೂ ಉತ್ತರ ಕೊಟ್ಟಿರಲಿಲ್ಲ. ಇವರೂ ಕೊಟ್ಟಿರಲಿಲ್ಲ.

“ಇದು ಯಾವಾಗ ಬರದಾರ?” ಅಂತ ಮಗನನ್ನು ಕೇಳಿದರು. ತಾರೀಖು ಅಲ್ಲೇ ಇತ್ತು.

ಆಗ ಹೆಂಡತಿ ಒಂದು ಹಳೆಯ ಸಂಗತಿ ತೆಗೆದರು. ಓಣಿಯ ಗಣೇಶೋತ್ಸವದ ಪಟ್ಟಿಯನ್ನು ಇವರು ಪ್ರತಿ ವರ್ಷ ಪುಕ್ಕಟೆ ಅಚ್ಚು ಹಾಕಿಸಿ ಕೊಡುತ್ತಿದ್ದರು. ಒಂದು ವರ್ಷ ಯಾರದೋ ಹೆಸರು ಬಿಟ್ಟುಹೋಗಿ, ಹುಡುಗರು ಅಂಗಡಿ ಮುಂದೆ ನಿಂತು ಕೂಗಾಡಿದರು. ಅಂದಿನಿಂದ ಇವರು ಆ ಕೆಲಸ ಮುಟ್ಟಿಲ್ಲ. “ಅದು ಬ್ಯಾರೆ,” ಅಂದು ಮುಖ ತಿರುಗಿಸಿದರು. ನಾನು ಒತ್ತಾಯ ಮಾಡಲಿಲ್ಲ.

ಮುಂದಿನ ಸಲ ನಾನು ಎಕ್ಸ್‌ಝೆಡ್ ಕತೆ ಹೇಳಿದೆ. ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ ಅದು. ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡಿದ್ದರು. ತಡವಾಯಿತು ಅಂತ ಜನ ಒತ್ತಡ ಹಾಕಿದಾಗ, ಇದು ಸಂಬಳವಿಲ್ಲದ ಹವ್ಯಾಸ, ನನ್ನ ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಅಂತ 2022ರಲ್ಲಿ ಅವರೇ ಬಹಿರಂಗವಾಗಿ ಬರೆದರು. ಒತ್ತಡ ನಿಲ್ಲಲಿಲ್ಲ. ನೆರವಿಗೆ ಅಂತ ಬಂದವನ ಕೈಗೆ ಕೆಲಸ ಹೋಯಿತು, ಅವನು ಅದರೊಳಗೆ ಕಳ್ಳದಾರಿ ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಹುಡುಕಹೋಗಿ ಅದನ್ನು ಪತ್ತೆ ಮಾಡಿದರು. ಆಪ್ತಸಲಹೆಗಾರ್ತಿಯಾಗಿ ನನ್ನನ್ನು ಕಾಡುವುದು ಆ 2022ರ ಪತ್ರ. ನೋಯುತ್ತಿದೆ ಅಂತ ಒಬ್ಬರು ಬಾಯಿಬಿಟ್ಟು ಹೇಳಿದ ಮೇಲೂ ಜನ ನಿಲ್ಲಲಿಲ್ಲ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ಹಂಗಾರ ನಾ ಎಷ್ಟು ವರ್ಷ ಕಾಯಲಿ?”

ಗೊತ್ತಿಲ್ಲ ಅಂದೆ. ಫೈರ್‌ಫಾಕ್ಸ್‌ನಲ್ಲಿ 2002ರಲ್ಲಿ ದಾಖಲಾದ ಒಂದು ದೋಷ ಸರಿಹೋದದ್ದು 2023ರಲ್ಲಿ. ಸಂಬಳದ ಎಂಜಿನಿಯರುಗಳು ಇರುವ ಕಡೆಯೇ ಹಾಗೆ. ಅದಕ್ಕೇ, ಗಿರಾಕಿಯ ಮದುವೆ ತಾರೀಖನ್ನು ಆ ಬಗ್ಗಿನ ಮೇಲೆ ಇಡಬೇಡಿ ಅಂದೆ. ಹೆಸರುಗಳಿಗೆ ಅಂತರ ಹೆಚ್ಚಿಸಬೇಡಿ. ಕೊನೆಯ ಪಿಡಿಎಫ್‌ನ ಒಂದು ಪ್ರತಿ ತೆಗೆದು, ಗಿರಾಕಿಯ ಎದುರು ಪ್ರತಿ ಹೆಸರನ್ನೂ ಬೆರಳಿಟ್ಟು ಓದಿ, ಸಹಿ ಹಾಕಿಸಿಕೊಳ್ಳಿ. ತಂದೆ ಪ್ರೂಫ್ ನೋಡುತ್ತಿದ್ದದ್ದು ಹಾಗೇ ಅಲ್ವಾ? ಇಷ್ಟಾದರೂ ಆಗದಿದ್ದರೆ ತಂತ್ರಾಂಶ ಬಿಟ್ಟು ಬೇರೆಯದಕ್ಕೆ ಹೋಗಿ, ಅದರಲ್ಲಿ ಸೋಲೇನೂ ಇಲ್ಲ.

ರಾತ್ರಿ ಒಂಬತ್ತರ ಮೇಲೆ ಆ ಪುಟ ತೆರೆಯಬಾರದು. ಸಿಟ್ಟು ಬಂದರೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ, ಎಷ್ಟು ಬೇಕಾದರೂ ಬೈಯಿರಿ, ಅದನ್ನು ಕಳಿಸಬೇಡಿ. ಆ ಪ್ರಶ್ನೆ ಕೇಳಿದವರಿಗೆ ಎರಡು ಸಾಲಿನ ಕ್ಷಮೆ ಬರೆಯಿರಿ, ಅದರಲ್ಲಿ ‘ಆದರೆ’ ಅನ್ನುವ ಪದ ಇರಬಾರದು. ಮಗನಿಗೂ ಅಷ್ಟೇ, ಎದುರಿಗೆ ಕೂತು. ಆಮೇಲೆ ಫೈಲ್ ಕಳಿಸಿ. ಯಾವ ಒತ್ತು ಸರಿ ಅಂತ ಆ ಪುಟದಲ್ಲಿರುವ ಯಾರಿಗಿಂತಲೂ ನಿಮಗೆ ಚೆನ್ನಾಗಿ ಗೊತ್ತು.

ಮಗನಿಗೆ ಹೇಳಬೇಕಾದ ಮಾತಿಗೆ ಮೂರು ವಾರ ಹಿಡಿಯಿತು. ಫೈಲ್ ಅದಕ್ಕಿಂತ ಮೊದಲೇ ಹೋಯಿತು. ಅದರಲ್ಲಿ ಇದ್ದದ್ದು ಮೂರೇ ಪದ: ಲಕ್ಷ್ಮೀ, ರಾಷ್ಟ್ರ, ಸ್ವಾತಂತ್ರ್ಯ. ಪಕ್ಕದಲ್ಲಿ ಒಡೆದ ರೂಪ, ಕೆಂಪು ಗೆರೆ. ಸರಿಯಾದ ರೂಪ ತೋರಿಸಲು ತಂದೆ ಜೋಡಿಸಿದ ಒಂದು ಹಳೆಯ ಪುಟದ ಫೋಟೋ. ಇಂಗ್ಲಿಷು ಮಗನದು.

ಬಗ್ ಇನ್ನೂ ಹಾಗೇ ಇದೆ. ನಿದ್ದೆ ಈಗ ಆರು ತಾಸಿಗೆ ಬಂದಿದೆ. ಹೋದ ತಿಂಗಳು ಒಂದು ಮಧ್ಯಾಹ್ನ ಅವರ ಫೋನ್ ಬಂತು, ದನಿಯಲ್ಲಿ ಅವಸರ. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂದಿತ್ತಂತೆ: ‘ರ್ಯ’ ಮತ್ತು ‘ರ‍್ಯ’ ಎರಡನ್ನೂ ನೋಡಿದ್ದೇನೆ, ಎರಡೂ ಸರಿಯೇ?

“ಮೇಡಂ, ಅರ್ಕಾವೊತ್ತನ್ನ ಅವರಿಗೆ ಹೆಂಗ ತಿಳಿಸಿ ಹೇಳಲಿ?”