ಸೀರಮ್ ಹಚ್ಚಿದಾಗ ಉರಿದರೆ ಅದು ಕೆಲಸ ಮಾಡುತ್ತಿದೆ ಅಂತಲೇ?

ನೀವು ಕೇಳಿರುವುದು ಎರಡು. ವಿಟಮಿನ್ ಸಿ ಸೀರಮ್ ಹಚ್ಚಿದ ಕೂಡಲೇ ಮುಖ ಚುರುಚುರು ಅನ್ನುತ್ತದೆ, ಅದು ಒಳ್ಳೆಯ ಲಕ್ಷಣವೇ? ‘ನ್ಯೂರೋ’ ಎಂದು ಬರೆದಿರುವ ಕ್ರೀಮಿಗೆ ಅಷ್ಟು ದುಡ್ಡು ಕೊಡಬಹುದೇ?

ಉರಿಯುವುದಕ್ಕೂ ಸೀರಮ್ ಕೆಲಸ ಮಾಡುವುದಕ್ಕೂ ಸಂಬಂಧವಿಲ್ಲ. ಚರ್ಮದ ಮೇಲ್ಪದರದವರೆಗೂ ನರಗಳ ತುದಿಗಳು ಬಂದಿರುತ್ತವೆ. ಅವುಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಕಿಂಡಿಗಳಿವೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿದ್ದು ಇದನ್ನೇ. 2021ರ ನೊಬೆಲ್ ಪ್ರಶಸ್ತಿಯ ಹಿಂದೆ ಇದೂ ಇತ್ತು. ಸುಮಾರು 43 ಡಿಗ್ರಿ ಬಿಸಿ ತಗುಲಿದರೆ ಈ ಕಿಂಡಿ ತೆರೆಯುತ್ತದೆ. ಮೆಣಸಿನಕಾಯಿಯ ಖಾರಕ್ಕೂ ತೆರೆಯುತ್ತದೆ, ಆಮ್ಲಕ್ಕೂ ತೆರೆಯುತ್ತದೆ. ಮೂರರಲ್ಲಿ ಯಾವುದಾದರೂ ಮೆದುಳಿಗೆ ಹೋಗುವ ಸುದ್ದಿ ಒಂದೇ: ಉರಿ. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಅದರ ಸೀರಮಿನ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಜೋರು) ಸಾಮಾನ್ಯವಾಗಿ 3.5ಕ್ಕಿಂತ ಕೆಳಗೆ, ಚರ್ಮದ್ದು 5ರ ಆಸುಪಾಸು. ಸೀರಮಿನಲ್ಲಿ ಆಲ್ಕೋಹಾಲ್ (ಎಥನಾಲ್) ಇದ್ದರಂತೂ ಕಿಂಡಿ ತೆರೆಯುವ ಮಟ್ಟ 34 ಡಿಗ್ರಿಯವರೆಗೂ ಇಳಿಯಬಹುದು. ಆಗ ಮೈಬಿಸಿಯೇ ಸಾಕು.

ಒಂದೆರಡು ನಿಮಿಷ ಚುರುಗುಟ್ಟಿ ಸುಮ್ಮನಾದರೆ, ಕೆಂಪಾಗದಿದ್ದರೆ, ಚಿಂತೆ ಬೇಡ. ಹತ್ತು ನಿಮಿಷವಾದರೂ ನಿಲ್ಲದಿದ್ದರೆ, ಊದಿಕೊಂಡರೆ, ತೊಳೆದುಬಿಡಿ. ನಿನ್ನೆಯವರೆಗೆ ಒಗ್ಗಿದ್ದ ಮಾಮೂಲಿ ಕ್ರೀಮೂ ಇವತ್ತು ಉರಿಯುತ್ತಿದೆಯೇ? ಹಾಗಾದರೆ ಚರ್ಮದ ಮೇಲ್ಪದರ ಹಾಳಾಗಿದೆ, ಹಚ್ಚಿದ್ದೆಲ್ಲ ನೇರ ನರಕ್ಕೆ ತಾಗುತ್ತಿದೆ. ಹೆಚ್ಚಿನವರು ಎಡವುವುದು ಇಲ್ಲೇ: ಸ್ಕ್ರಬ್, ರೆಟಿನಾಲ್, ಆಮ್ಲ ಮೂರನ್ನೂ ಒಂದೇ ವಾರದಲ್ಲಿ ಶುರು ಮಾಡಿರುತ್ತಾರೆ. ಮೂರು ನಾಲ್ಕು ವಾರ ಎಲ್ಲ ನಿಲ್ಲಿಸಿ, ಸೌಮ್ಯವಾದ ಫೇಸ್‌ವಾಶ್, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟರಲ್ಲೇ ಇರಿ. ಆಮೇಲೆ ಒಂದೊಂದಾಗಿ, ವಾರಕ್ಕೆರಡು ಸಲದಂತೆ, ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿ. ಮೂಗಿನ ಅಂಚಿಗೂ ತುಟಿಯ ಮೂಲೆಗೂ ಮೊದಲೇ ಚೂರು ವ್ಯಾಸಲಿನ್ ಸವರಿ. ಉರಿ ಮೊದಲು ಗೊತ್ತಾಗುವ ಜಾಗಗಳೇ ಅವು.

‘ಕೂಲ್’ ಪೌಡರ್, ಜೆಲ್‌ಗಳ ತಂಪೂ ಇದೇ ಜಾತಿಯದು. ಮೆಂತಾಲ್ ಟಿಆರ್‌ಪಿಎಂ8 ಎಂಬ ಇನ್ನೊಂದು ಕಿಂಡಿಯನ್ನು ತೆರೆಯುತ್ತದೆ, ಚರ್ಮದ ಉರಿಯೂತವನ್ನೇನೂ ವಾಸಿ ಮಾಡುವುದಿಲ್ಲ.

ಇನ್ನು ‘ನ್ಯೂರೋ’ ಕ್ರೀಮು. ಡಬ್ಬಿಯ ಹಿಂದೆ ಅಸಿಟೈಲ್ ಹೆಕ್ಸಾಪೆಪ್ಟೈಡ್-8 ಎಂಬ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಇದೆಯೇ ನೋಡಿ. ಸುಕ್ಕಿಗೆ ಕೊಡುವ ಚುಚ್ಚುಮದ್ದು ಬೊಟಾಕ್ಸ್ ನರದ ತುದಿಯೊಳಗೆ ಎಸ್‌ಎನ್‌ಎಪಿ-25 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಸ್ನಾಯುವಿಗೆ ‘ಬಿಗಿ’ ಎನ್ನುವ ಸಂದೇಶ ನಿಂತು ಸುಕ್ಕು ಸಡಿಲವಾಗುತ್ತದೆ. ಈ ಪೆಪ್ಟೈಡ್ ಅದೇ ಪ್ರೋಟೀನಿನ ಒಂದು ತುಣುಕಿನ ನಕಲು. ತರ್ಕ ಚೆನ್ನಾಗಿದೆ, ದಾರಿಯೇ ಇಲ್ಲ. ಬೊಟಾಕ್ಸನ್ನು ಸೂಜಿಯಿಂದ ಸ್ನಾಯುವಿಗೇ ಚುಚ್ಚುತ್ತಾರೆ. ಪೆಪ್ಟೈಡ್ ಅಣುವಿನ ತೂಕ ಸುಮಾರು 889 ಡಾಲ್ಟನ್ (ಅಣುವಿನ ತೂಕದ ಅಳತೆ), 500 ದಾಟಿದ್ದು ಚರ್ಮದೊಳಗೆ ಇಳಿಯುವುದೇ ಕಷ್ಟ, ಸ್ನಾಯು ಇನ್ನೂ ಆಳದಲ್ಲಿದೆ. ನನ್ನ ಮಟ್ಟಿಗೆ ಆ ಬೆಲೆ ದಂಡ. ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ಮಾಯಿಶ್ಚರೈಸರ್ ಅಂದುಕೊಂಡು ಹಚ್ಚಿ ಮುಗಿಸಿ.