ವೆಲ್ಲಿಂಗ್ಟನ್ ಮಿಲಿಟರಿ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗಿಬರುವುದಾದರೆ ಮೊದಲು ಮನೆ ಸರಿಯಾಗಿ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀಲಗಿರಿಯ ವೆಲ್ಲಿಂಗ್ಟನ್ ಮಿಲಿಟರಿ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಸಿಕ್ಕಿದೆ, ಊರು ಗುಂಡ್ಲುಪೇಟೆ ಕಡೆ, ಪಾಳಿ ಕೆಲಸ, ಕೂನೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಾಡಿಗೆ ಮನೆ ನೋಡಿದ್ದೀರಿ, ದಿನಾ ಸೈಕಲ್ಲಿನಲ್ಲಿ ಹೋಗಿಬರಲು ಆಗುತ್ತದಾ ಅಂತ.

ಆಗುತ್ತದೆ. ನಾನು ಅಲ್ಲೇ ನಾಗರಿಕ ಸಿಬ್ಬಂದಿ, ಹುಟ್ಟಿದ್ದು ಈರೋಡು ಜಿಲ್ಲೆಯ ತಾಳವಾಡಿಯಲ್ಲಿ, ವರ್ಷಗಳಿಂದ ನನ್ನ ಓಡಾಟ ಸೈಕಲ್ಲಿನಲ್ಲೇ. ಆದರೆ ಮನೆಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಾದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಯಾವ ಸೈಕಲ್ ತೆಗೆದುಕೊಳ್ಳಬೇಕು ಅನ್ನುವುದಕ್ಕಿಂತ ಮನೆ ಆಸ್ಪತ್ರೆಗಿಂತ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ.

ಕೂನೂರಿನಿಂದ ವೆಲ್ಲಿಂಗ್ಟನ್ ಮೂರು ಕಿಲೋಮೀಟರಿನ ಆಸುಪಾಸು. ದೂರ ಏನೂ ಇಲ್ಲ. ಏರು ಎಷ್ಟು ಅಂತ ತಿಳಿಯಬೇಕಾದರೆ ಬೆಟ್ಟದ ರೈಲನ್ನು ನೋಡಿ. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲಿ ಹಾಕಿದ ಹಳಿಯಲ್ಲಿ ಕಲ್ಲಾರು ದಾಟಿದ ಮೇಲೆ 12 ಅಡಿ ಹೋದರೆ 1 ಅಡಿ ಏರುವಷ್ಟು ಕಡಿದಾದ ಜಾಗಗಳಿವೆ. ಹಳಿಗಳ ನಡುವೆ ಹಲ್ಲುಪಟ್ಟಿ ಇಲ್ಲದಿದ್ದರೆ ಎಂಜಿನ್ ಅಲ್ಲಿ ಹತ್ತುವುದಿಲ್ಲ. ಕೂನೂರಿಗೆ ಬಂದಾಗ ಆ ಹಲ್ಲುಪಟ್ಟಿ ಮುಗಿಯುತ್ತದೆ. 1908ರಲ್ಲಿ ಊಟಿಗೆ ಮುಟ್ಟಿಸಿದ ಮುಂದಿನ ದಾರಿಯಲ್ಲಿ ರೈಲು ಬರೀ ಚಕ್ರದ ಹಿಡಿತದಲ್ಲೇ ಏರುತ್ತದೆ. ಕೂನೂರು ಬಿಟ್ಟರೆ ವೆಲ್ಲಿಂಗ್ಟನ್, ಆಮೇಲೆ ಅರುವಂಕಾಡು, ಕೇತಿ, ಲವ್‌ಡೇಲ್. ಒಂದಕ್ಕಿಂತ ಒಂದು ಎತ್ತರದಲ್ಲಿ. ರೈಲಿಗೆ ಹಲ್ಲು ಬೇಡವಾದ ಏರನ್ನು ಗೇರ್ ಇರುವ ಸೈಕಲ್ಲಿನಲ್ಲಿ ಆರೋಗ್ಯವಂತರು ಯಾರು ಬೇಕಾದರೂ ಹತ್ತಬಹುದು. ಹಳಿಯ ಜೊತೆಜೊತೆಗೇ ಹೋಗುವ ಹೆದ್ದಾರಿ ಬಿಟ್ಟು ಅಡ್ಡದಾರಿಗೆ ಇಳಿದರೆ ಮಾತ್ರ ಕಾಲು ಸೋಲುವಂಥ ಏರು ಸಿಗುತ್ತದೆ.

ಈಗ ನೀವು ನೋಡಿದ ಮನೆಯ ವಿಷಯ. ಬಸ್ ಸ್ಟ್ಯಾಂಡ್ ಕೂನೂರಿನ ತಗ್ಗಿನಲ್ಲಿದೆ. ಅಲ್ಲಿದ್ದರೆ ಕೆಲಸಕ್ಕೆ ಹೋಗುವಾಗ ಏರು, ಬರುವಾಗ ಇಳಿಜಾರು. ಬೆಳಗಿನ ಪಾಳಿಯವರಿಗೆ ಇದು ಬೆವರಿನ ಸಮಸ್ಯೆ ಅಷ್ಟೆ. ರಾತ್ರಿ ಪಾಳಿ ಮುಗಿಸಿದವರಿಗೆ ಜೀವದ ಪ್ರಶ್ನೆ. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರ ಚುರುಕಿನಷ್ಟೇ ಕುಗ್ಗಿರುತ್ತದೆ ಅಂತ ನಿದ್ದೆಯ ಮೇಲೆ ಸಂಶೋಧನೆ ಮಾಡಿದವರು ಎಂದೋ ತೋರಿಸಿದ್ದಾರೆ. ರಾತ್ರಿಯಿಡೀ ಸ್ಯಾಂಪಲ್ ನೋಡಿ ಕಣ್ಣು ಕೆಂಪಾದವರು ಬೆಳಗಿನ ಮಂಜಿನಲ್ಲಿ ಇಳಿಜಾರಿನಲ್ಲಿ ಹೊರಡುತ್ತಾರೆ, ಎದುರಿನಿಂದ ಮೆಟ್ಟುಪಾಳ್ಯದ ತರಕಾರಿ ಲಾರಿಗಳು ಏರಿ ಬರುತ್ತಿರುತ್ತವೆ. ತುಳಿಯದೆ ಬಿಟ್ಟರೂ ಸೈಕಲ್ ಗಂಟೆಗೆ 40 ಕಿಲೋಮೀಟರ್ ಮುಟ್ಟಬಲ್ಲದು. ಅಂದರೆ ಸೆಕೆಂಡಿಗೆ 11 ಮೀಟರ್. ಮಂಜಿನಲ್ಲಿ 20 ಮೀಟರ್ ಕಂಡರೆ, ಏನೋ ಇದೆ ಅಂತ ಕಣ್ಣಿಗೆ ಬಿದ್ದ ಮೇಲೆ ನಿಮಗೆ ಉಳಿಯುವುದು ಎರಡು ಸೆಕೆಂಡಿಗೂ ಕಡಿಮೆ.

ಅದೇ ಮನೆ ಅರುವಂಕಾಡು ಕಡೆ ಇದ್ದರೆ ಲೆಕ್ಕ ತಿರುಗುತ್ತದೆ. ನಿದ್ದೆ ಮಾಡಿ ಎದ್ದು ಹೊರಡುವಾಗ ಒಟ್ಟಾರೆ ಇಳಿಜಾರು, ಮೈ ಚುರುಕಾಗಿರುತ್ತದೆ. ದಣಿದು ಮನೆಗೆ ಮರಳುವಾಗ ಏರು. ಏರಿನಲ್ಲಿ ವೇಗವೇ ಬರುವುದಿಲ್ಲ, ತೂಕಡಿಕೆ ಬಂದರೆ ಇಳಿದು ತಳ್ಳಿಕೊಂಡು ಹೋಗುತ್ತೀರಿ, ಕೆಟ್ಟದ್ದು ಆಗುವುದಕ್ಕೆ ಆಸ್ಪದ ತೀರ ಕಡಿಮೆ. ನಾನು ಅರುವಂಕಾಡು ಕಡೆ ಮನೆ ಹಿಡಿದದ್ದು ಇದೊಂದೇ ಕಾರಣಕ್ಕೆ. ಸಿಡಿಮದ್ದಿನ ಕಾರ್ಖಾನೆಯ ನೌಕರರ ಮನೆಗಳ ಆಚೆ, ಜಗತಳದ ಹಾದಿಯಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗ ಜನರ ಹಟ್ಟಿಗಳಿವೆ. ಹಿರಿಯರು ಮಾತಾಡುವುದು ನಮ್ಮ ಕಿವಿಗೆ ಬಹುಪಾಲು ತಿಳಿಯುತ್ತದೆ, ನಮ್ಮ ಕನ್ನಡ ಅವರಿಗೂ ತಿಳಿಯುತ್ತದೆ. ಗುಂಡ್ಲುಪೇಟೆಯಿಂದ ಬಂದವರಿಗೆ ಮನೆ ಕೇಳುವುದು ಅಲ್ಲಿ ಕಷ್ಟವಲ್ಲ.

ಕೂನೂರಿನಲ್ಲೇ ಇರಬೇಕಾದ ಅನಿವಾರ್ಯ ನಿಮಗಿದ್ದರೆ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: ರಾತ್ರಿ ಪಾಳಿ ಮುಗಿದ ಬೆಳಿಗ್ಗೆ ಸೈಕಲ್ ಅಲ್ಲೇ ಬೀಗ ಹಾಕಿ ಬಸ್ಸಿನಲ್ಲಿ ಇಳಿಯಿರಿ. ಸೈಕಲ್ ಎಲ್ಲಿಗೂ ಹೋಗುವುದಿಲ್ಲ. ಹೊರಗೆ ಕಾವಲಿರುವ ಜಾಗ ಅದು.

ನಮ್ಮ ತಾಳವಾಡಿಯಲ್ಲಿ, ನಿಮ್ಮ ಗುಂಡ್ಲುಪೇಟೆಯಲ್ಲೂ, ನೆಲ ಹೆಚ್ಚುಕಡಿಮೆ ಸಮ. ಸೈಕಲ್ ಕಲಿಯುವುದು ಅಂದರೆ ತುಳಿಯುವುದನ್ನು ಕಲಿಯುವುದು. ಇಲ್ಲಿ ನಿಲ್ಲಿಸುವುದನ್ನು ಕಲಿಯಬೇಕು. ಸೈಕಲ್ ಮತ್ತು ಸವಾರ ಸೇರಿ 80 ಕಿಲೋ ತೂಕ ಅಂದುಕೊಳ್ಳಿ. 100 ಮೀಟರ್ ಎತ್ತರದಿಂದ ಇಳಿದರೆ ಸುಮಾರು 78 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು 18-19 ಡಿಗ್ರಿ ಬಿಸಿ ಮಾಡುವಷ್ಟು ಶಕ್ತಿ ಅದು. ಗಾಳಿ ಒಂದಿಷ್ಟು ತಿನ್ನುತ್ತದೆ, ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಇಳಿಯುವ ಲಾರಿಗಳ ಸುಟ್ಟ ವಾಸನೆ ನೀವೂ ಕುಡಿದಿರುತ್ತೀರಿ. ಸೈಕಲ್ಲಿನ ಸಣ್ಣ ರಬ್ಬರಿಗೂ ಅದೇ ಗತಿ.

ಅದಕ್ಕೇ ಹಳೆಯ ಕಂಬಿ ಬ್ರೇಕಿನ, ಉಕ್ಕಿನ ರಿಮ್ಮಿನ ಸೈಕಲ್ ಇಲ್ಲಿಗೆ ಬೇಡವೇ ಬೇಡ. ಅಪ್ಪನ ಸೈಕಲ್ ಮನೆಯಲ್ಲಿದೆ ಅಂತ ಬರೆದಿದ್ದೀರಿ. ಅದರ ಮೇಲಿನ ಪ್ರೀತಿ ನನಗೆ ಗೊತ್ತಾಗುತ್ತದೆ, ಆದರೆ ಅದು ಊರಿನಲ್ಲೇ ಇರಲಿ. ಉಕ್ಕಿನ ರಿಮ್ ನೆನೆದರೆ ರಬ್ಬರು ಹಿಡಿಯುವುದೇ ಇಲ್ಲ, ಜಾರುತ್ತದೆ. ಅಲ್ಯೂಮಿನಿಯಂ ರಿಮ್ ಎಷ್ಟೋ ವಾಸಿ. ಡಿಸ್ಕ್ ಬ್ರೇಕ್ ಇನ್ನೂ ವಾಸಿ, ಯಾಕೆಂದರೆ ಅದರ ತಟ್ಟೆ ರಸ್ತೆಯ ಕೆಸರು ನೀರಿಗೆ ದೂರ. ದುಬಾರಿಯದೇ ಬೇಕಿಲ್ಲ, ತಂತಿ ಎಳೆಯುವ ಸಾದಾ ಡಿಸ್ಕ್ ಸಾಕು. ಇಳಿಯುವಾಗ ಎರಡೂ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಉದ್ದಕ್ಕೂ ಒತ್ತಿಕೊಂಡೇ ಇದ್ದರೆ ಆರುವುದಕ್ಕೆ ಸಮಯ ಸಿಗುವುದಿಲ್ಲ. ತಿರುವು ಬರುವ ಮುಂಚೆ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ. ನೀಲಗಿರಿ ಮರದ ಎಲೆ ಮಳೆಗೆ ನೆನೆದು ರಸ್ತೆಗೆ ಅಂಟಿರುವ ಜಾಗದಲ್ಲಿ ಇದು ಎರಡರಷ್ಟು ನಿಜ.

ಗೇರಿನ ವಿಷಯ ಚಿಕ್ಕದು. ಮುಂದಿನ ಅತಿ ಚಿಕ್ಕ ಹಲ್ಲುಚಕ್ರ ಹಿಂದಿನ ಅತಿ ದೊಡ್ಡದಕ್ಕೆ ಸಮ ಇದ್ದರೆ ಅಥವಾ ಅದಕ್ಕಿಂತ ಚಿಕ್ಕದಿದ್ದರೆ ಸಾಕು, ಕೂತೇ ಹತ್ತಬಹುದು. ಮೊದಲ ಕೆಲವು ವಾರ ಏದುಸಿರು ಬಂದರೆ ಗಾಬರಿಯಾಗಬೇಡಿ. ಕೂನೂರು ಇರುವುದು ಸುಮಾರು 1850 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಗಾಳಿಯ ಒತ್ತಡ ಐದರಲ್ಲಿ ಒಂದು ಪಾಲು ಕಡಿಮೆ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮೈ ಹೊಂದಿಕೊಳ್ಳುತ್ತದೆ.

ಬೆವರಿನ ಬಗ್ಗೆ ಕೇಳಿದ್ದೀರಿ. ಬಯಲುಸೀಮೆಯ ಬೆವರು ಬೇರೆ, ಇಲ್ಲಿಯದು ಬೇರೆ. ತುಳಿಯುವಷ್ಟು ಹೊತ್ತು ಬೆಚ್ಚಗಿರುತ್ತೀರಿ, ನಿಂತ ಕೂಡಲೇ ಒದ್ದೆ ಬನಿಯನ್ ಬೆನ್ನಿಗೆ ಅಂಟಿ ನಡುಕ ಹುಟ್ಟುತ್ತದೆ. ಒಂದು ಒಣ ಬನಿಯನ್, ಒಂದು ಟವೆಲ್ ಚೀಲದಲ್ಲಿ ಯಾವಾಗಲೂ ಇರಲಿ. ಪಾಳಿ ಶುರುವಾಗುವ ಹೊತ್ತಿಗಿಂತ ಕಾಲು ಗಂಟೆ ಮುಂಚೆ ತಲುಪಿ, ಮೈ ಒರೆಸಿಕೊಂಡು ಬಟ್ಟೆ ಬದಲಿಸಿ. ಲ್ಯಾಬಿನ ಕೋಟು, ವಾರ್ಡಿನ ಬಟ್ಟೆ ಹಾಕಿಕೊಂಡು ಸೈಕಲ್ ಹತ್ತಲೇಬೇಡಿ, ಹೋಗುವಾಗಲೂ ಬರುವಾಗಲೂ. ರಸ್ತೆಯ ಧೂಳು ರೋಗಿಯ ಹಾಸಿಗೆಯ ಹತ್ತಿರ ಹೋಗಬಾರದು, ಲ್ಯಾಬಿನದು ಮನೆಯ ಮಕ್ಕಳ ಹತ್ತಿರ ಬರಬಾರದು. ಬೂಟೂ ಬೇರೆಯೇ ಇರಲಿ. ಸೈಕಲ್ಲಿನವರು ಹೇಗೂ ಬಟ್ಟೆ ಬದಲಿಸಬೇಕಾಗುವುದರಿಂದ ಈ ಶಿಸ್ತು ತಾನಾಗಿ ಬಂದುಬಿಡುತ್ತದೆ. ಬೈಕಿನಲ್ಲಿ ಬರುವವರಿಗಿಂತ ನಾವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಅಂತ ನನ್ನ ನಂಬಿಕೆ.

ಕಂಟೋನ್ಮೆಂಟಿನ ಒಳಗೆ ಸೈಕಲ್ ಓಡಿಸುವುದಕ್ಕೆ ಅದರದೇ ನಡವಳಿಕೆ ಇದೆ. ಗೇಟಿನಲ್ಲಿ ಇಳಿಯಿರಿ, ಗುರುತಿನ ಚೀಟಿ ಕೈಯಲ್ಲಿರಲಿ, ಹುಡುಕುತ್ತಾ ಸಾಲು ನಿಲ್ಲಿಸಬೇಡಿ. ವೆಲ್ಲಿಂಗ್ಟನ್ ಅಂದರೆ ಮದ್ರಾಸ್ ರೆಜಿಮೆಂಟಿನ ಮನೆ. ಬೆಳಗಿನ ಹೊತ್ತು ಹೊಸ ಹುಡುಗರ ತುಕಡಿಗಳು ಓಡುತ್ತಾ ಎದುರಾಗುತ್ತವೆ. ಬೆಲ್ ಹೊಡೆದು ದಾರಿ ಕೇಳಬೇಡಿ, ಪಕ್ಕಕ್ಕೆ ನಿಂತು ಅವರನ್ನು ಬಿಡಿ. ಸಂಜೆ ಧ್ವಜ ಇಳಿಸುವ ಬ್ಯೂಗಲ್ ಕೇಳಿದರೆ ಇದ್ದಲ್ಲೇ ಇಳಿದು ನೆಟ್ಟಗೆ ನಿಲ್ಲಿ. ಯಾರೂ ಹೇಳಿಕೊಡದಿದ್ದರೂ ಮಾಡಿ, ಅಲ್ಲಿನವರ ಮನಸ್ಸು ಗೆಲ್ಲುತ್ತೀರಿ. ಕಿರಿದಾದ ಬೆಟ್ಟದ ದಾರಿಯಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ಮೋಟಾರು ವಾಹನಗಳಿಗೆ ಇರುವ ನಿಯಮ. ಸೈಕಲ್ಲಿನವರೂ ಅದನ್ನು ಪಾಲಿಸುವುದು ಒಳ್ಳೆಯದು.

ಇನ್ನು ಆಂಬುಲೆನ್ಸ್. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. 2021ರ ಡಿಸೆಂಬರ್ 8ರಂದು ಕಾಟೇರಿ ಹತ್ತಿರ ನಂಜಪ್ಪ ಸತ್ರದಲ್ಲಿ ಹೆಲಿಕಾಪ್ಟರ್ ಬಿದ್ದು ಜನರಲ್ ಬಿಪಿನ್ ರಾವತ್ ಮತ್ತು ಜೊತೆಯವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಸುಟ್ಟ ಗಾಯಗಳೊಂದಿಗೆ ಉಳಿದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರಿಗೆ ಮೊದಲ ಚಿಕಿತ್ಸೆ ಸಿಕ್ಕಿದ್ದು ಇದೇ ವೆಲ್ಲಿಂಗ್ಟನ್ ಆಸ್ಪತ್ರೆಯಲ್ಲಿ. ಅಲ್ಲಿಂದ ಅವರನ್ನು ಬೆಂಗಳೂರಿಗೆ ಕರೆದೊಯ್ದರು, ಡಿಸೆಂಬರ್ 15ರಂದು ಅವರೂ ಹೋದರು. ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ 2008ರ ಜೂನ್ 27ರಂದು ಕೊನೆಯುಸಿರೆಳೆದದ್ದೂ ಇಲ್ಲೇ. ದೊಡ್ಡ ಹೆಸರುಗಳು ಹಾಗಿರಲಿ, ದಿನವೂ ಹೆಸರಿಲ್ಲದ ಯಾವುದೋ ಸಿಪಾಯಿ, ಯಾವುದೋ ನಿವೃತ್ತ ಹವಾಲ್ದಾರರ ಹೆಂಡತಿ ಇದೇ ಕಿರಿದಾದ ರಸ್ತೆಯಲ್ಲಿ ಬರುತ್ತಾರೆ. ಸೈರನ್ ಕೇಳಿದರೆ ಸೈಕಲ್ಲನ್ನು ರಸ್ತೆಯಿಂದ ಪೂರ್ತಿ ಆಚೆಗೆ ಇಳಿಸಿ. ಅಂಚಿಗೆ ಸರಿದರೆ ಸಾಲದು, ಹಿಂದಿನ ಕಾರಿನವನು ನಿಮ್ಮನ್ನು ನೋಡಿ ಅಲ್ಲೇ ನಿಂತುಬಿಡುತ್ತಾನೆ. ಇವತ್ತು ದಾರಿ ಬಿಟ್ಟ ಆಂಬುಲೆನ್ಸಿನ ರಕ್ತದ ಸ್ಯಾಂಪಲ್ಲೇ ಅರ್ಧ ಗಂಟೆಯಲ್ಲಿ ನಿಮ್ಮ ಮೇಜಿಗೆ ಬರುತ್ತದೆ.

ಮಳೆಯ ಬಗ್ಗೆ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೂಡಲೂರು ಕಡೆಗೆ ಜೂನ್-ಜುಲೈಯಲ್ಲಿ ಸುರಿದರೆ, ಪೂರ್ವದ ಮಗ್ಗುಲಿಗಿರುವ ಕೂನೂರಿಗೆ ಜೋರು ಮಳೆ ಅಕ್ಟೋಬರ್-ನವೆಂಬರಿನ ಹಿಂಗಾರಿನಲ್ಲಿ. ಮಣ್ಣು ಕುಸಿಯುವುದೂ ಆಗಲೇ. ಆ ಎರಡು ತಿಂಗಳು ಭಾರಿ ಮಳೆಯ ದಿನ ಸೈಕಲ್ ಬಿಡಿ, ಹಟ ಮಾಡಬೇಡಿ. ಏಪ್ರಿಲ್-ಮೇ ಪ್ರವಾಸಿಗರ ಕಾಲ. 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದ್ದರೂ ರಜೆಯಲ್ಲಿ ರಸ್ತೆ ಕಿಕ್ಕಿರಿಯುತ್ತದೆ. ಬಸ್ಸು ನಿಂತಲ್ಲೇ ನಿಂತಿರುವಾಗ ಸೈಕಲ್ಲಿನವರು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟುತ್ತಾರೆ.

ಮುಸ್ಸಂಜೆಗೆ ಚಹಾ ತೋಟದ ಅಂಚಿನಿಂದ ಕಾಟಿಗಳು, ಅಂದರೆ ಕಾಡುಕೋಣಗಳು, ರಸ್ತೆಗೆ ಬರುತ್ತವೆ, ಕಂಟೋನ್ಮೆಂಟಿನ ಒಳಗೂ. ದೂರದಲ್ಲೇ ನಿಲ್ಲಿ. ಬೆಲ್ ಬೇಡ, ಮಿನುಗುವ ದೀಪ ಬೇಡ, ಪಕ್ಕದಲ್ಲಿ ನುಸುಳುವುದಂತೂ ಬೇಡ. ಕರು ಜೊತೆಗಿದ್ದರೆ ಇನ್ನಷ್ಟು ಹಿಂದೆ ಸರಿಯಿರಿ. ಬಸ್ಸೋ ಲಾರಿಯೋ ಬಂದರೆ ಅದರ ಹಿಂದೆ ದಾಟಬಹುದು.

ನನಗೆ ಕಾಟಿಗಿಂತ ನಾಯಿಗಳದ್ದೇ ಹೆಚ್ಚು ಯೋಚನೆ. ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ಇಳಿಜಾರಿನಲ್ಲಂತೂ ಬೇಡ, ಬೀಳುವುದು ಹಾಗೇ. ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಿಂತರೆ ಬಹುಪಾಲು ನಾಯಿಗಳು ಸುಮ್ಮನಾಗುತ್ತವೆ. ಕಚ್ಚಿದರೆ, ಹಲ್ಲು ತರಚಿದ್ದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರುಮಾಡಿ. ಹುಚ್ಚುನಾಯಿ ರೋಗಕ್ಕೆ ಚಿಕಿತ್ಸೆ ಕೊಡಲೆಂದೇ 1907ರಲ್ಲಿ ಪಾಶ್ಚರ್ ಸಂಸ್ಥೆ ಶುರುವಾದ ಊರು ಕೂನೂರು. ಲ್ಯಾಬಿನವರಾದ ನಿಮಗೆ ಈ ರೋಗದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ಸೈಕಲ್ಲಿನಲ್ಲಿ ಬಂದರೆ ಯಾರಾದರೂ ಕೀಳಾಗಿ ನೋಡುತ್ತಾರಾ ಅಂತಲೂ ಕೇಳಿದ್ದೀರಿ. ಇಲ್ಲ. ಸೈನ್ಯದವರಿಗೆ ಮೈ ದಂಡಿಸುವವರನ್ನು ಕಂಡರೆ ಗೌರವ. ನನ್ನ ಸೈಕಲ್ ಕೆಟ್ಟು ನಿಂತ ದಿನ ದೊಡ್ಡ ಹುದ್ದೆಯ ವೈದ್ಯರೊಬ್ಬರು ಕಾರು ನಿಲ್ಲಿಸಿ, ಚೈನ್ ಕೂರಿಸಲು ಕೈಗೆ ಮಸಿ ಮಾಡಿಕೊಂಡರು. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಹೊಳೆಯುವ ಪಟ್ಟಿಯ ಮೇಲಂಗಿ, ಹೆಲ್ಮೆಟ್, ಇಷ್ಟನ್ನು ಮೊದಲ ಸಂಬಳಕ್ಕೆ ಕಾಯದೆ ಸೈಕಲ್ಲಿನ ಜೊತೆಯಲ್ಲೇ ಕೊಳ್ಳಿ. ಮಂಜು ಹಗಲಿನಲ್ಲೂ ಇಳಿಯುವುದರಿಂದ ದೀಪ ಹಗಲಿನಲ್ಲೂ ಉರಿಯುತ್ತಿರಲಿ. ಬ್ರೇಕ್ ಪ್ಯಾಡ್ ಒಂದು ಜೊತೆ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಸಮನೆಲದ ಸೈಕಲ್ಲಿಗಿಂತ ಇಲ್ಲಿ ಬಹಳ ಬೇಗ ಸವೆಯುತ್ತವೆ. ಡಿಸ್ಕಿನ ಪ್ಯಾಡ್ ಕೂನೂರಿನ ಅಂಗಡಿಗಳಲ್ಲಿ ಬೇಕಾದಾಗ ಸಿಗದಿದ್ದರೆ ಕೊಯಮತ್ತೂರಿಗೆ ಹೋಗುವವರ ಕೈಯಲ್ಲಿ ಹೇಳಿ ತರಿಸಿ.